ಕತ್ತರಿ ಹುಡುಕಿಕೊಟ್ಟ ಕೈ

ನಮ್ಮ ಬೀದಿಯಲ್ಲಿ ಎರಡು ದಿನ ಸೀಟಿ ಕೇಳಲಿಲ್ಲ.

ಸೀಟಿ ಅಂದರೆ ಕಸದ ಗಾಡಿಯ ಸೀಟಿ. ಗಾಡಿಯ ಜೊತೆ ಬರುವ ಹೆಂಗಸನ್ನು ಬೀದಿಯವರೆಲ್ಲ ಸೀಟಿಯಕ್ಕ ಅಂತಲೇ ಕರೆಯುವುದು. ಬೆಳಿಗ್ಗೆ ಏಳೂವರೆಗೆ ತಿರುವಿನಲ್ಲಿ ಒಂದು ಉದ್ದ ಸೀಟಿ ಊದುತ್ತಾಳೆ. ನಮ್ಮ ಮನೆ ಮುಂದೆ ಬಂದರೆ ಮತ್ತೆ ಎರಡು ಗಿಡ್ಡ ಸೀಟಿ. ನಮಗೇ ಯಾಕೆ ಆ ಮರ್ಯಾದೆ ಅಂದರೆ, ನಾನು ಟೈಲರ್. ಮುಂದಿನ ಕೋಣೆಯಲ್ಲಿ ಮಷೀನು ಓಡುತ್ತಿದ್ದರೆ ನನಗೆ ಗುಡುಗು ಬಂದರೂ ಕೇಳಿಸುವುದಿಲ್ಲ.

ಮೂರನೆಯ ದಿನ ಶುಕ್ರವಾರ. ಬಾಗಿಲ ಬಳಿಯ ಬಕೆಟ್ಟುಗಳು ತುಂಬಿ ಮುಚ್ಚಳ ಮೇಲೆದ್ದಿತ್ತು. ಪಕ್ಕದ ಮನೆಯ ಚೀಲವನ್ನು ಬೆಕ್ಕು ಹರಿದು ಬೀದಿಯುದ್ದಕ್ಕೂ ಎಳೆದಾಡಿತ್ತು. ನೊಣ ಒಳಗೆ ಬಂದು ನಾನು ಹೊಲಿಯುತ್ತಿದ್ದ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು. ನಮ್ಮತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ಶುರುಮಾಡಿದರು.

"ಕಸಕ್ಕೆ ಮೂರು ಬಕೆಟ್ ಬೇಕಂತೆ, ಮೂರು ಜಾಗ ಬೇಕಂತೆ! ಮನುಷ್ಯರಿಗೇ ಇರೋದು ಎರಡು ಕೋಣೆ. ಹಸೀದು ಒಂದ್ಕಡೆ, ಒಣಗಿದ್ದು ಒಂದ್ಕಡೆ. ಹಾಲಿನ ಪ್ಯಾಕೆಟ್ ಇನ್ನೊಂದ್ಕಡೆ, ಅದನ್ನ ಬೇರೆ ತೊಳೆದು ಒಣಗಿಸ್ಬೇಕು. ಇಷ್ಟೆಲ್ಲ ಮಾಡಿಟ್ರೆ ತಗೊಂಡು ಹೋಗೋರೇ ನಾಪತ್ತೆ!"

"ಇವತ್ತು ಬರ್ಬಹುದು ಬಿಡಿ ಅತ್ತೆ."

"ಬಂದ್ರೆಷ್ಟು, ಬಿಟ್ರೆಷ್ಟು. ನಾವು ಇಲ್ಲಿ ಬೇರೆ ಬೇರೆ ಮಾಡೋದು, ಅವರು ಅಲ್ಲಿ ಎಲ್ಲಾನೂ ಒಂದೇ ಗುಂಡಿಗೆ ಸುರಿಯೋದು. ಹೋಗಿ ನೋಡಿದವರು ಯಾರಿದ್ದಾರೆ?"

ಅತ್ತೆಯ ಕೋಪ ಸುಮ್ಮನೆ ಬಂದದ್ದಲ್ಲ. ಆ ವರ್ಷ ಗಾಡಿಯ ಹೊತ್ತು ಮೂರು ಸಲ ಬದಲಾಗಿತ್ತು. ಒಂದು ಸಲವೂ ಯಾರೂ ಬಂದು ಹೇಳಿರಲಿಲ್ಲ. ಒಣ ಕಸದಲ್ಲಿ ಒಂದು ಒದ್ದೆ ಪ್ಯಾಕೆಟ್ ಇದೆಯೆಂದು ಇಡೀ ಚೀಲ ವಾಪಸು ಬಂದದ್ದೂ ಉಂಟು. ನಾನೂ ಎಷ್ಟೋ ದಿನ ಅತ್ತೆಯ ಮಾತಿಗೆ ಹೂಂಗುಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಪೂರ್ತಿ ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೊಂದು ಕಾರಣವಿದೆ.

ಎರಡು ವರ್ಷದ ಹಿಂದೆ ನನ್ನ ಕತ್ತರಿ ಕಳೆದುಹೋಗಿತ್ತು. ನನಗೆ ಕೆಲಸ ಕಲಿಸಿದ ಮೇಡಂ ತಾವು ಕೆಲಸ ಬಿಡುವಾಗ ನನ್ನ ಕೈಗಿಟ್ಟ ಕತ್ತರಿ ಅದು. ಮನೆಯೆಲ್ಲ ಜಾಲಾಡಿದೆ. ಎಲ್ಲೂ ಸಿಗಲಿಲ್ಲ. ಬೇರೆಯವರ ಕತ್ತರಿ ತಂದು ಕತ್ತರಿಸಿದರೆ ಬಟ್ಟೆ ಸೊಟ್ಟಗೆ ಹೋಗುತ್ತಿತ್ತು. ನಾಲ್ಕನೆಯ ದಿನ ಎರಡು ಗಿಡ್ಡ ಸೀಟಿ. ಹೊರಗೆ ಬಂದರೆ ಸೀಟಿಯಕ್ಕ ಪೇಪರಿನಲ್ಲಿ ಸುತ್ತಿದ ಏನನ್ನೋ ಹಿಡಿದು ನಿಂತಿದ್ದಳು.

"ಟೈಲರಮ್ಮಾ, ಇದು ನಿಮ್ದಾ ನೋಡಿ. ನನ್ನ ತಂಗಿ ಶೆಡ್ಡಲ್ಲಿ ಕಸ ಆರಿಸೋ ಕೆಲಸ ಮಾಡ್ತಾಳೆ. ಬಟ್ಟೆ ಚೂರಿನ ಜೊತೆ ಸಿಕ್ಕಿತಂತೆ. 'ಹಿಡಿ ಎಷ್ಟು ಸವೆದಿದೆ ನೋಡಕ್ಕ, ಇದನ್ನ ಕಳ್ಕೊಂಡೋರು ಅಳ್ತಾ ಕೂತಿರ್ತಾರೆ' ಅಂದ್ಲು."

ನಾನು ನಿಜವಾಗಿ ಅತ್ತುಬಿಟ್ಟೆ. ಆ ತಂಗಿಯ ಮುಖ ನಾನು ಕಂಡವಳಲ್ಲ. ಅವಳಿಗೆ ನನ್ನ ಕೈಲಾದದ್ದು ಏನು ಅಂತ ಯೋಚಿಸಿದೆ. ಅವತ್ತಿನಿಂದ ಬಟ್ಟೆ ಚೂರುಗಳನ್ನು ಬೇರೆ ಕಸಕ್ಕೆ ತಾಗಿಸಲಿಲ್ಲ. ಒಂದು ಕಣ ಧೂಳಿಲ್ಲದ ಹಾಗೆ ಪ್ರತ್ಯೇಕ ಚೀಲದಲ್ಲಿ ಕಟ್ಟಿ ಕೊಡುತ್ತಾ ಬಂದೆ. ನನ್ನ ಲೆಕ್ಕದಲ್ಲಿ ಅದೇ ನಾನು ಹೇಳಿದ ಥ್ಯಾಂಕ್ಸ್. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಶುಕ್ರವಾರ ಎಂಟೂಕಾಲಿಗೆ ಸೀಟಿ ಕೇಳಿತು. ಸೀಟಿಯಕ್ಕನ ಕಣ್ಣು ಊದಿಕೊಂಡಿತ್ತು. ಅತ್ತೆ ಅದನ್ನು ನೋಡುವ ಮೊದಲೇ ಬಾಯಿಬಿಟ್ಟಿದ್ದರು.

"ಏನಮ್ಮಾ, ದಾರಿ ಮರೆತಿತ್ತಾ?"

"ಬೈಯಿರಿ ಅಮ್ಮಾ. ಬೀದಿ ತುದಿಯಿಂದ ಬೈಸ್ಕೊಂಡೇ ಬಂದೆ" ಅಂದಳು ಸೀಟಿಯಕ್ಕ. "ನನ್ನ ತಂಗಿಗೆ ಮಂಗಳವಾರ ಕಸದಲ್ಲಿ ಸೂಜಿ ಚುಚ್ಚಿತು. ಆಸ್ಪತ್ರೆಗೆ ಓಡಾಡೋದೇ ಆಯ್ತು. ನನ್ನ ಬದಲಿಗೆ ಯಾರನ್ನಾದ್ರೂ ಕಳಿಸಿ ಅಂತ ಹೇಳಿದ್ದೆ, ಕಳಿಸಲೇ ಇಲ್ಲ."

"ಒಂದು ಸೂಜಿಗೆ ಎರಡು ದಿನ ಆಸ್ಪತ್ರೆನಾ? ನಮ್ಮ ಸೊಸೆ ದಿನಾ ಚುಚ್ಕೋತಾಳೆ, ಬೆರಳು ಚೀಪ್ಕೊಂಡು ಮತ್ತೆ ಹೊಲೀತಾಳೆ."

"ಯಾವ ಸೂಜಿ ಅಂತ ಗೊತ್ತಾಗ್ಬೇಕಲ್ಲಮ್ಮಾ! ಅವತ್ತು ಕಸ ಆರಿಸೋ ಮೇಜಿನ ಮೇಲೆ ಇಂಜೆಕ್ಷನ್ ಸೂಜಿಗಳೂ ಇದ್ವು. ಯಾರೋ ಮನೇಲಿ ಬಳಸಿ ಹಾಗೇ ಕಸಕ್ಕೆ ಹಾಕಿದ್ದಾರೆ. ಅದು ಯಾರ ಮೈಗೆ ಚುಚ್ಚಿದ್ದೋ, ಅವರಿಗೆ ಯಾವ ಕಾಯಿಲೆ ಇದೆಯೋ. ರಕ್ತ ಪರೀಕ್ಷೆ ಮಾಡಿದ್ದಾರೆ. ಆರು ವಾರಕ್ಕೆ ಮತ್ತೆ ಮಾಡ್ಬೇಕಂತೆ, ಮೂರು ತಿಂಗಳಿಗೆ ಮತ್ತೆ. ಒಂದು ತಿಂಗಳು ಮಾತ್ರೆ ನುಂಗ್ಬೇಕು."

ಅತ್ತೆಯ ಪೊರಕೆ ನಿಂತಿತು.

"ಅವಳಿಗೆ ಹಸುಗೂಸಿದೆ" ಅಂದಳು ಸೀಟಿಯಕ್ಕ. "ಕಾಯಿಲೆ ಮಗೂಗೂ ತಗಲೀತು ಅನ್ನೋ ಭಯಕ್ಕೆ ಹಾಲೇ ಕುಡಿಸ್ತಿಲ್ಲ. ಮಗು ಬಾಟಲಿ ಬಾಯಿಗೇ ತಗೊಳ್ಳಲ್ಲ, ಅತ್ತೂ ಅತ್ತೂ ಗಂಟಲು ಕಟ್ಟಿದೆ. ಇವಳು ಎದೆಹಾಲು ಹಿಂಡಿ ಚೆಲ್ತಾಳೆ, ಚೆಲ್ತಾ ಅಳ್ತಾಳೆ."

ನಾನು ಮೆಲ್ಲಗೆ ಕೇಳಿದೆ: "ಚುಚ್ಚಿದಾಗ ಏನು ಆರಿಸ್ತಾ ಇದ್ಲು?"

"ಬಟ್ಟೆ ಚೂರು. ಯಾಕಮ್ಮಾ?"

"ಏನಿಲ್ಲ" ಅಂದೆ. ಸೀಟಿಯಕ್ಕ ಬಕೆಟ್ಟು ಸುರಿದುಕೊಂಡು ಮುಂದಿನ ಮನೆಗೆ ಹೋದಳು. ನಾನು ಒಳಗೆ ಬಂದು ಸ್ಟೂಲಿನ ಮೇಲೆ ಕೂತೆ.

ಮೇಡಂ ನನಗೆ ಹೊಲಿಗೆ ಕಲಿಸುವಾಗ ಮೊದಲು ಹೇಳಿದ ಮಾತು, ಮುರಿದ ಸೂಜಿ ನೆಲಕ್ಕೆ ಬೀಳಬಾರದು. ಬರಿಗಾಲಲ್ಲಿ ಮಕ್ಕಳು ಓಡಾಡುತ್ತವೆ. ಹಾಗಾಗಿ ಕಾಲರಿನ ಒಳಗೆ ಹಾಕುವ ದಪ್ಪ ಕ್ಯಾನ್ವಾಸಿನ ಒಂದು ತುಂಡನ್ನು ಮಷೀನಿನ ಪಕ್ಕ ಇಟ್ಟಿರುತ್ತೇನೆ. ಬಾಗಿದ ಸೂಜಿ, ಮೊಂಡಾದ ಸೂಜಿ, ತುಂಡಾದ ಸೂಜಿ ಎಲ್ಲ ಅದಕ್ಕೆ ಚುಚ್ಚುವುದು. ತುಂಬಿದ ಮೇಲೆ ಸುರುಳಿ ಸುತ್ತಿ, ಹಳದಿ ದಾರ ಬಿಗಿದು, ಚೂರುಗಳ ಚೀಲಕ್ಕೆ ಹಾಕುವುದು. ಹದಿನೈದು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಬ್ಬರ ಕಾಲಿಗೂ ಸೂಜಿ ತಾಗಿಲ್ಲ. ಅದು ನನ್ನ ಹೆಮ್ಮೆ. ನಮ್ಮ ಮನೆಯ ಕಾಲುಗಳ ಬಗ್ಗೆ ಅಷ್ಟು ಯೋಚಿಸಿದವಳು, ಚೀಲ ಬಿಚ್ಚುವವರ ಕೈಗಳ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಆ ಮಂಗಳವಾರ ಒಂದು ಸುರುಳಿ ಚೀಲಕ್ಕೆ ಹೋಗಿತ್ತು.

ಅತ್ತೆಗೆ ಹೇಳಿದೆ. ಅತ್ತೆ ಮೊದಲು ಬಾಗಿಲು ಹಾಕಿದರು.

"ಬಾಯಿಗೆ ಬೀಗ ಹಾಕ್ಕೋ. ಸೂಜಿ ಮೇಲೆ ನಿನ್ನ ಹೆಸರು ಬರೆದಿದೆಯಾ? ನಾಳೆ ಬೀದಿಯೆಲ್ಲ ಟೈಲರಮ್ಮ ಸೂಜಿ ಚುಚ್ಚಿಸಿದ್ಲು ಅಂತ ಡಂಗುರ ಹೊಡೀತಾರೆ. ಆಮೇಲೆ ಹೊಲಿಸೋಕೆ ಯಾರು ಬರ್ತಾರೆ?"

"ನನ್ನ ಸೂಜಿನೇ ಆಗಿದ್ರೆ ಅವಳು ಹೆದರೋ ಅಂಥದ್ದೇನಿಲ್ಲ ಅತ್ತೆ. ಅದು ಬಟ್ಟೆ ಹೊಲಿದ ಸೂಜಿ. ನಾನು ಹೇಳದೇ ಇದ್ರೆ ಅವಳಿಗೆ ಗೊತ್ತಾಗೋದು ಹೇಗೆ?"

ಅತ್ತೆ ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದರು. ಆಮೇಲೆ ಕೇಳಿದರು.

"ಮಗೂಗೆ ಎಷ್ಟು ತಿಂಗಳಂತೆ?"

"ನನಗೇನು ಗೊತ್ತು? ಹಸುಗೂಸು ಅಂದ್ಲು."

"ಚಪ್ಪಲಿ ಹಾಕ್ಕೋ" ಅಂದರು ಅತ್ತೆ. "ನಾನೂ ಬರ್ತೀನಿ. ನೀನೊಬ್ಬಳೇ ಹೋದ್ರೆ ಅಲ್ಲೂ ಅತ್ಕೊಂಡು ನಿಲ್ತೀಯ, ಕೆಲಸ ಕೆಡ್ತದೆ."

ನಮ್ಮತ್ತೆಯ ಮೇಲೆ ನನಗೆ ನೂರು ದೂರಿವೆ. ಆದರೆ ಆ ಒಂದು ಮಾತಿಗೆ ನೂರನ್ನೂ ಮನ್ನಾ ಮಾಡಿದ್ದೇನೆ.

ಸೀಟಿಯಕ್ಕನನ್ನು ಬೀದಿಯ ತುದಿಯಲ್ಲಿ ಹಿಡಿದೆವು. ನಾನು ಹೇಳಿದ್ದನ್ನು ಕೇಳಿ ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಗಾಡಿ ಹತ್ತಿ, ಶೆಡ್ಡಲ್ಲಿ ಹುಡುಕೋಣ" ಅಂದಳು ಅಷ್ಟೇ. ಅತ್ತೆ ಡ್ರೈವರ್ ಪಕ್ಕ ಕುಳಿತರು, ನಾನು ಸೀಟಿಯಕ್ಕನ ಜೊತೆ ಹಿಂದೆ ಹಲಗೆಯ ಮೇಲೆ ನಿಂತೆ. ಗಾಡಿಯೊಳಗೆ ನಡುವೆ ಒಂದು ತಗಡಿನ ಗೋಡೆ ಇತ್ತು. ಒಂದು ಬದಿಗೆ ಹಸಿ ಕಸ, ಇನ್ನೊಂದು ಬದಿಗೆ ಒಣ ಕಸ. ದಿನಾ ಗಾಡಿ ನೋಡುತ್ತಿದ್ದರೂ ಆ ಗೋಡೆ ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ.

ಶೆಡ್ಡಿನಲ್ಲಿ ಉದ್ದನೆಯ ಮೇಜುಗಳಿದ್ದವು. ಎರಡೂ ಕಡೆ ಹೆಂಗಸರು, ಗಂಡಸರು ನಿಂತು ಆರಿಸುತ್ತಿದ್ದರು. ಬಾಟಲಿ ಒಂದು ಬುಟ್ಟಿಗೆ, ರಟ್ಟು ಇನ್ನೊಂದಕ್ಕೆ, ಹಾಲಿನ ಪ್ಯಾಕೆಟ್ ಮತ್ತೊಂದಕ್ಕೆ. ಅತ್ತೆ ಪ್ಯಾಕೆಟ್ಟಿನ ಬುಟ್ಟಿಯೊಳಗೆ ಇಣುಕಿದರು. ತೊಳೆದವು ಒಂದು ಕಡೆ ಕಟ್ಟು ಕಟ್ಟಿ ನಿಂತಿದ್ದವು. ತೊಳೆಯದವು ಹುಳು ಹಿಡಿದು ಮೂಲೆಯಲ್ಲಿ ಬಿದ್ದಿದ್ದವು.

"ಇವು?" ಅಂತ ಮೂಲೆಯ ಕಡೆ ಬೆರಳು ಮಾಡಿದರು.

"ಅವು ಗುಂಡಿಗೆ ಹೋಗ್ತವೆ. ಯಾರೂ ತಗೊಳ್ಳಲ್ಲ" ಅಂದ ಅಲ್ಲಿನ ಮೇಸ್ತ್ರಿ.

"ಎಲ್ಲಾ ಒಂದೇ ಗುಂಡಿಗೆ ಅಲ್ವಾ?"

"ಹಾಗಿದ್ರೆ ಇಷ್ಟು ಜನ ಇಲ್ಲಿ ಯಾಕೆ ನಿಂತಿರ್ತಾರಮ್ಮಾ?"

ಅತ್ತೆ ತೊಳೆದ ಪ್ಯಾಕೆಟ್ಟುಗಳ ಕಟ್ಟಿನ ಹತ್ತಿರ ಹೋಗಿ, ನಮ್ಮ ಮನೆಯದು ಇದೆಯೇ ಅಂತ ಹುಡುಕತೊಡಗಿದರು.

ಮಂಗಳವಾರದ ರಾಶಿಯನ್ನು ಮೇಸ್ತ್ರಿ ಹಾಗೇ ಒಂದು ಪಕ್ಕಕ್ಕೆ ಸರಿಸಿ ಇಡಿಸಿದ್ದ, ಯಾರೂ ಮುಟ್ಟಬಾರದು ಅಂತ. ಉದ್ದ ಇಕ್ಕಳದಿಂದ ಒಂದೊಂದೇ ಬಟ್ಟೆ ಚೂರು ಎತ್ತಿದ. ನನ್ನ ಗಿರಾಕಿಗಳ ಅಂಗಿ, ಪರದೆ, ಶಾಲೆ ಸಮವಸ್ತ್ರ ಎಲ್ಲ ಒಂದೊಂದಾಗಿ ಗುರುತು ಸಿಕ್ಕವು. ಕೊನೆಗೆ ಹಳದಿ ದಾರ ಕಂಡಿತು. ಸುರುಳಿ ಒಂದು ಬದಿಗೆ ಬಿಚ್ಚಿಕೊಂಡಿತ್ತು. ಅದರಿಂದ ಒಂದು ಸೂಜಿ ಹೊರಗೆ ಚಾಚಿತ್ತು. ಸೂಜಿಗೆ ನೀಲಿ ರಬ್ಬರಿನ ಒಂದು ಚೂರು ಸಿಕ್ಕಿಕೊಂಡಿತ್ತು.

"ಅವಳ ಗ್ಲೌಸಿಂದು!" ಅಂದಳು ಸೀಟಿಯಕ್ಕ.

ಮೇಸ್ತ್ರಿ ಸುರುಳಿಯನ್ನು ಹಾಗೇ ಒಂದು ಗಟ್ಟಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಕೊಟ್ಟ. ನಾನು ಅವನಿಗೂ ಒಂದು ಮಾತು ಹೇಳಿದೆ, ಹೇಳಲೇಬೇಕಿತ್ತು. "ತಪ್ಪು ನಂದು. ಆದ್ರೆ ಗಾಡಿ ಬರದ ದಿನ ಒಂದು ಸುದ್ದಿನಾದ್ರೂ ಮುಟ್ಟಿಸಿ. ಇವಳು ಆಸ್ಪತ್ರೆಯಲ್ಲಿ ಇದ್ದದ್ದು ನಮಗೆ ಗೊತ್ತಿಲ್ಲ, ಮನೇಲಿ ಕೂತು ಇವಳನ್ನೇ ಬೈದ್ವಿ." ಅವನು ತಲೆ ಕೆರೆದುಕೊಂಡು, "ಅದು ನಮ್ಮ ತಪ್ಪೇ" ಅಂದ.

ಅಲ್ಲಿಂದ ಆಸ್ಪತ್ರೆಗೆ ಹೋದೆವು, ಅವತ್ತೂ ತಂಗಿ ತೋರಿಸಿಕೊಳ್ಳಲು ಬಂದಿದ್ದಳು. ಅವಳನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿನ ಬೆಂಚಿನ ಮೇಲೆ. ತೆಳ್ಳಗಿನ ಹುಡುಗಿ. ಮಡಿಲಲ್ಲಿ ಮಗು. ಮಗುವಿಗೆ ಅಳಲೂ ತ್ರಾಣವಿರಲಿಲ್ಲ, ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಕುಂಯ್ಗುಡುತ್ತಿತ್ತು. ತಂಗಿಯ ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಆ ಕೈಯೇ ನನ್ನ ಕತ್ತರಿ ಎತ್ತಿ ಇಟ್ಟದ್ದು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಾನು ಟೈಲರ್. ನಿನಗೆ ಚುಚ್ಚಿದ್ದು ನನ್ನ ಸೂಜಿ" ಅಂದೆ, ಅಷ್ಟೇ.

ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮ್ಮ ಚೀಲಾನಾ? ಅದು ಯಾವಾಗ್ಲೂ ಶುಚಿಯಾಗಿರ್ತಿತ್ತಲ್ಲಕ್ಕ. ಅದಕ್ಕೇ ಇಕ್ಕಳ ಬಿಟ್ಟು ಕೈ ಹಾಕಿದ್ದು."

ಇದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ಸೂಜಿ ನೋಡಿದರು. ರಬ್ಬರ್ ಚೂರನ್ನು ನೋಡಿದರು, ತಂಗಿ ತಂದಿಟ್ಟುಕೊಂಡಿದ್ದ ಗ್ಲೌಸಿನ ತೂತನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಈ ಸೂಜಿ ನಿಮಗೇನಾದ್ರೂ ಚುಚ್ಚಿತ್ತಾ?"

"ನೆನಪಿಲ್ಲ ಡಾಕ್ಟ್ರೇ. ಚುಚ್ಚಿದ್ರೂ ಚುಚ್ಚಿರಬಹುದು" ಅಂದೆ. ಮಾತು ಮುಗಿಯುವ ಮೊದಲೇ ತೋಳು ಮೇಲೆ ಮಾಡಿದೆ. "ನನ್ನ ರಕ್ತಾನೂ ತಗೊಳ್ಳಿ. ಎಷ್ಟು ಬೇಕೋ ಅಷ್ಟು ತಗೊಳ್ಳಿ."

"ಒಂದು ಚಮಚ ಸಾಕು" ಅಂತ ಡಾಕ್ಟರಮ್ಮ ನಕ್ಕರು.

ಮಧ್ಯಾಹ್ನದವರೆಗೆ ಕಾದೆವು. ಅತ್ತೆ ಆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಓಡಾಡಿದರು. ಮಂಡಿ ನೋವು ಅಂತ ಮನೆಯಲ್ಲಿ ಒಂದು ಲೋಟ ನೀರಿಗೂ ಏಳದವರು.

ಕೊನೆಗೆ ಡಾಕ್ಟರಮ್ಮ ಕರೆದರು. "ಇವರ ರಕ್ತದಲ್ಲಿ ಏನೂ ತೊಂದರೆ ಇಲ್ಲ. ಚುಚ್ಚಿದ್ದು ಹೊಲಿಗೆ ಮಷೀನಿನ ಸೂಜಿ. ಧನುರ್ವಾಯು ಇಂಜೆಕ್ಷನ್ ಹಾಕಿದ್ದಾಗಿದೆ. ಗಾಯಾನ ಶುಚಿಯಾಗಿ ಇಟ್ಕೋ. ಆ ಮಾತ್ರೆ ಇನ್ನು ಬೇಡ." ತಂಗಿ ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದಳು. "ಹೋಗಮ್ಮಾ, ಮಗೂಗೆ ಹಾಲು ಕೊಡು."

ಅವಳು ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತು ಸೆರಗು ಮುಚ್ಚಿಕೊಂಡಳು. ಆಮೇಲೆ ಮಗು ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿತು. ಸೀಟಿಯಕ್ಕ ಗೋಡೆಗೆ ಮುಖ ಮಾಡಿ ಅತ್ತಳು. ಅತ್ತೆ, "ಕುಡಿ ತಾಯಿ, ಕುಡಿ. ಕುಡಿದಾದ ಮೇಲೆ ಈ ಅಜ್ಜಿಗೆ ಚೆನ್ನಾಗಿ ಬೈಯಿ" ಅಂದರು.

ತಂಗಿ ನನ್ನ ಕಡೆ ತಿರುಗಿ, "ಉಪಕಾರ ಆಯ್ತು ಅಕ್ಕಾ. ನೀವು ಬರದೇ ಇದ್ದಿದ್ರೆ ಮೂರು ತಿಂಗಳು ಹೀಗೇ ಸಾಯ್ತಿದ್ದೆ" ಅಂದಳು.

ಅವಳ ಬೆರಳಿಗೆ ಸೂಜಿ ಚುಚ್ಚಿಸಿದವಳಿಗೆ ಅವಳೇ ಉಪಕಾರ ಅನ್ನುತ್ತಾಳೆ! ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಆ ದಿನ ಮನೆಗೆ ಬರುವಾಗ ನನ್ನ ಮನಸ್ಸು ಎಷ್ಟು ಹಗುರವಾಗಿತ್ತು ಅಂದರೆ ಹೇಳಲು ಬರುವುದಿಲ್ಲ. ಅವಳು ಕ್ಷಮಿಸಿದಳು. ಮಗು ಹಾಲು ಕುಡಿಯಿತು. ಇಷ್ಟು ನನಗೆ ಸಿಕ್ಕಿತು.

ಮನೆಗೆ ಬಂದವರೇ ಅತ್ತೆ ಚಪ್ಪಲಿಯನ್ನೂ ಬಿಡದೆ ಒಣ ಕಸದ ಬಕೆಟ್ಟಿನ ಹತ್ತಿರ ಹೋದರು. ಮಧ್ಯೆ ಕೈ ಹಾಕಿ ಪೇಪರಿನ ಒಂದು ಪೊಟ್ಟಣ ಹುಷಾರಾಗಿ ಎತ್ತಿದರು.

"ಏನತ್ತೆ ಅದು?"

"ನಿನ್ನೆ ಒಡೆದ ಗಾಜಿನ ಲೋಟ" ಅಂದರು ನನ್ನ ಮುಖ ನೋಡದೆ. "ಪೇಪರ್ ಸುತ್ತಿದ್ದೆ. ಸಾಕು ಅಂದ್ಕೊಂಡಿದ್ದೆ. ಒಂದು ಗಟ್ಟಿ ಡಬ್ಬ ಇದ್ರೆ ಕೊಡು."

ಇದಾಗಿ ಹತ್ತಿರ ಹತ್ತಿರ ಒಂದು ವರ್ಷವಾಯಿತು. ಈಗ ಗಾಡಿ ಬರದಿದ್ದರೆ ಹಿಂದಿನ ದಿನವೇ ಬೀದಿಯವರ ಫೋನಿಗೆ ಸುದ್ದಿ ಬರುತ್ತದೆ. ಎಂದಾದರೂ ತಪ್ಪುತ್ತದೆ, ಆಗ ಅತ್ತೆ ಮೇಸ್ತ್ರಿಗೇ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾರೆ. ನಮ್ಮ ಬೀದಿಯಲ್ಲಿ ತೊಳೆಯದ ಹಾಲಿನ ಪ್ಯಾಕೆಟ್ ಹೊರಗಿಡುವ ಧೈರ್ಯ ಯಾರಿಗೂ ಇಲ್ಲ. ಅಂಥವರ ಬಾಗಿಲಿಗೆ ನಮ್ಮತ್ತೆ ಬರುತ್ತಾರೆ. ನನ್ನ ಬಟ್ಟೆ ಚೂರುಗಳು ಕಾಲೊರೆಸಾಗಿ ವಾಪಸು ಬಂದು ನಮ್ಮ ಹೊಸಿಲಲ್ಲೇ ಬಿದ್ದಿವೆ. ತಂಗಿಯ ಮಗು ಈಗ ಗೋಡೆ ಹಿಡಿದು ನಿಲ್ಲುತ್ತದಂತೆ. ಅದರ ಮೂರು ಫ್ರಾಕು ನಾನು ಹೊಲಿದದ್ದು, ಆ ಕತ್ತರಿಯಲ್ಲೇ ಕತ್ತರಿಸಿ.

ಮಷೀನಿನ ಪಕ್ಕದಲ್ಲಿ ಈಗ ಕ್ಯಾನ್ವಾಸ್ ತುಂಡಿಲ್ಲ, ಒಂದು ಪೌಡರ್ ಡಬ್ಬಿ ಇದೆ. ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ 'ಸೂಜಿ' ಅಂತ ದಪ್ಪಗೆ ಬರೆದು, ಎರಡು ಗಿಡ್ಡ ಸೀಟಿ ಕೇಳಿದ ಕೂಡಲೇ ಹೊರಗೆ ಬಂದು ಸೀಟಿಯಕ್ಕನ ಕೈಗೇ ಕೊಡುತ್ತೇನೆ.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಾಡಿ ತಡವಾದರೆ ಬೇಜಾರಾಗುವುದು ಸಹಜ. ಕೇಳಿ, ಗಟ್ಟಿಯಾಗಿಯೇ ಕೇಳಿ. ಆದರೆ ಈಗ ಒಮ್ಮೆ ಎದ್ದು ನಿಮ್ಮ ಬಕೆಟ್ಟಿನ ಮುಚ್ಚಳ ತೆಗೆದು ನೋಡಿ. ಬ್ಲೇಡು ಇದೆಯೇ, ಒಡೆದ ಗಾಜು ಇದೆಯೇ, ಮನೆಯಲ್ಲಿ ಯಾರಾದರೂ ಚುಚ್ಚಿಕೊಳ್ಳುವ ಇಂಜೆಕ್ಷನ್ ಸೂಜಿ ಇದೆಯೇ? ಇದ್ದರೆ ಗಟ್ಟಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಮೇಲೆ ಬರೆಯಿರಿ. ಚೀಲದೊಳಗೆ ತುರುಕಬೇಡಿ. ಇಂಜೆಕ್ಷನ್ ಸೂಜಿಯ ಡಬ್ಬಿ ಎಲ್ಲಿಗೆ ಕೊಡಬೇಕು ಅಂತ ಹತ್ತಿರದ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ನಿಮ್ಮ ಕಸವನ್ನು ಮುಟ್ಟುವ ಒಂದು ಕೈ ಇದೆ, ಆ ಕೈಗೆ ಒಂದು ಮನೆ ಇದೆ.

ಉಳಿದ ಡಬ್ಬಿಗಳನ್ನು ಸೀಟಿ ಕೇಳಿದಾಗ ಹೊರಗೆ ಬಂದು ಕೈಗೆ ಕೊಡಿ. ಕೊಡುವಾಗ ಇದರೊಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳಿದ್ದು ಮೂರು ದಿನ ತಡವಾಗಿ. ಆ ಮೂರು ದಿನ ಒಂದು ಮಗು ಹಸಿದಿತ್ತು.